ಒಕ್ಕಣೆ

ಮುನ್ಸಿಪಾಲ್ಟಿ ಗೇಟಿನೆದುರು, ಛತ್ರಿಯ ಕೆಳಗೆ
ನನ್ನದೊಂದು ಟೈಪು ಮಿಷನ್ನು.
ಇಂದ, ಗೆ, ವಿಷಯ, ಮಾನ್ಯರೇ.
ಹಾಸನದ ಸಿಟ್ಟಿಗೆಲ್ಲ
ನಾನೇ ಒಕ್ಕಣೆ ಕೂರಿಸುವವಳು.

ಆ ವರ್ಷ ಶ್ರಾವಣ ಕಳೆದ ಮೇಲೆ
ಪೆನ್ಷನ್ ಮೊಹಲ್ಲಾದ ಮುಬೀನಾ ಬಂದಳು.
ಸೊಂಟದ ಮೇಲೆ ಮಗ, ಕೆನ್ನೆಯಲ್ಲಿ ಹನ್ನೊಂದು ಹೊಲಿಗೆ,
ಕಪ್ಪು ದಾರದ ತುದಿಗಳು ಇರುವೆ ಸಾಲಿನ ಹಾಗೆ.
"ಕೊಲ್ಲಿ ಅಂತಲೇ ಬರೀರಿ" ಅಂದಳು.
ಬಡಿದೆ.
ಆಮೇಲೆ, ಕಚೇರಿಗೆ ಆ ಮಾತು ಒರಟೆನಿಸೀತೆಂದು
ಬಿಳಿ ಶಾಯಿ ಬಳಿದು, ಒಣಗಲೆಂದು ಉಫ್ ಎಂದು ಊದಿ
ಅದರ ಮೇಲೆ ಕೂರಿಸಿದೆ:
ಸೂಕ್ತ ಕ್ರಮ ಕೈಗೊಳ್ಳಿ.

ಎಂಟೇ ದಿನ.
ಸೂಕ್ತ ಕ್ರಮ ಟ್ರ್ಯಾಕ್ಟರಿನಲ್ಲಿ ಬಂತು.
ತಂತಿಯ ಕುಣಿಕೆ ಹಿಡಿದು ಹಿಂದೆ ನಿಂತಿದ್ದ ಜವರಯ್ಯ.
ಹೆಸರಿಗೆ ತಕ್ಕ ಕೆಲಸ ಎಂದು ಊರೇ ನಗುತ್ತಿತ್ತು.
ಕಟ್ಟಿನಕೆರೆ ಮಾರ್ಕೆಟ್ಟಿನ ಮೀನಂಗಡಿ ಸಾಲಲ್ಲಿ ಇಪ್ಪತ್ತಾರು,
ಬಸ್‌ಸ್ಟ್ಯಾಂಡಿನ ಹಿಂದೆ ಎಷ್ಟೋ.
ನನ್ನ ಮೇಜಿನಡಿ ಮಲಗುತ್ತಿದ್ದ ಕಂದು ಹೆಣ್ಣೂ ಹೋಯಿತು.
ಅದಕ್ಕೆ ಹೆಸರಿಟ್ಟಿರಲಿಲ್ಲ.
ಬನ್ನಿನ ತಳ ಎಸೆಯುತ್ತಿದ್ದೆ, ಅಷ್ಟೆ.
ಕಾಲು ಚಾಚಿದರೆ ಬೆಚ್ಚಗೆ ಏನೋ ತಾಗುತ್ತಿತ್ತು,
ಅಷ್ಟೆ.

ಖಾಲಿ ಬೀದಿ ಖಾಲಿ ಉಳಿಯಲಿಲ್ಲ.
ಕೋಳಿ ಅಂಗಡಿಯವರೇನೂ ಕರುಳನ್ನು
ಮೋರಿಗೆ ಸುರಿಯುವುದು ಬಿಟ್ಟಿರಲಿಲ್ಲವಲ್ಲ.
ಬೈಪಾಸಿನ ಕಡೆಯಿಂದ ಹೊಸವು ಬಂದವು,
ನಮ್ಮ ಮುಖ ಅರಿಯದವು,
ಹಾಲಿನವನ ಸೈಕಲ್ಲಿನ ಸದ್ದಿಗೂ ಬೆಚ್ಚುವಂಥವು.
ಯುಗಾದಿಯ ಹೊತ್ತಿಗೆ ಮತ್ತೆ ಅದೇ ಅರ್ಜಿ,
ಬೇರೆ ಬೇರೆ ಮಕ್ಕಳು.
ನಾಲ್ಕು ಸಲ ಅದೇ ಎರಡು ಪದ ಬಡಿದು ಕೊಟ್ಟೆ,
ಪುಟಕ್ಕೆ ಎಂಟು ರೂಪಾಯಿ.

ಐದನೆಯ ಸಲ ಸ್ಟೂಲಿನ ಮೇಲೆ ಕೂತವನು ಜವರಯ್ಯ.
ನಿವೃತ್ತಿಗೆ ಇನ್ನೊಂದು ವರ್ಷವಿತ್ತು.
"ನಂದೊಂದು ಬರ್ಕೊ ಕಣವ್ವ.
ಹತ್ತೊಂಬತ್ತು ವರ್ಷ ಹಿಡ್ದಿವ್ನಿ.
ಪಾಪ ಪುಣ್ಯದ ಮಾತಲ್ಲ, ಅದ ದೇವ್ರು ನೋಡ್ಕತನೆ.
ಕೊಂದಷ್ಟೂ ಹುಟ್ತವೆ. ಇದು ಲೆಕ್ಕ.
ಪಶು ಆಸ್ಪತ್ರೆ ಡಾಕ್ಟ್ರು ಹೇಳವ್ರೆ,
ಆಪರೇಷನ್ ಮಾಡಿ, ಸೂಜಿ ಹಾಕಿ,
ಗುರ್ತಿಗೆ ಕಿವಿ ತುದಿ ಕತ್ತರ್ಸಿ
ಹಿಡ್ದ ಜಾಗಕ್ಕೇ ಬಿಟ್ರೆ ತಾನೇ ಕಮ್ಮಿ ಆಯ್ತವಂತೆ.
ಬಲೆ ನಾನೇ ಹಿಡೀತೀನಿ.
ತಂತಿ ಬ್ಯಾಡ."

ಸಹಿಗೆಂದು ಮೊಹಲ್ಲಾಕ್ಕೆ ಹೋದೆವು.
ಮುಬೀನಾ ಬಾಗಿಲಿಗೆ ಅಡ್ಡ ನಿಂತೇ ಕೇಳಿದಳು:
"ಆಪರೇಷನ್ ಆದ ನಾಯಿಗೆ ಹಲ್ಲು ಇರಲ್ವಾ?
ನನ್ನ ಮಗ ಇವತ್ತಿಗೂ ಒಬ್ಬನೇ ಅಂಗಡಿಗೆ ಹೋಗಲ್ಲ."
ಜವರಯ್ಯ ನೆಲ ನೋಡಿದ.
ಊರಿಗೆಲ್ಲ ಮಾತು ಮಾರುವ ನನಗೂ
ಒಂದು ಪದ ಹೊಳೆಯಲಿಲ್ಲ.
ಒಳಗೆ ಕುಕ್ಕರು ಮೂರು ಸಲ ಕೂಗಿತು.
ಆಮೇಲೆ ಅವಳೇ ಅರ್ಜಿ ಇಸಿದುಕೊಂಡು
ಕೊನೆಯ ಸಾಲಿಗೆ ಬೆರಳಿಟ್ಟಳು.
ಇದನ್ನ ಮೇಲೆ ಹಾಕಿ.
ಮೊದಲು ಹುಚ್ಚಿನ ಲಸಿಕೆ, ಮೊದಲು ಮೋರಿಯ ಕರುಳು,
ಮಿಕ್ಕಿದ್ದು ಆಮೇಲೆ.
ಹಾಕಿದೆ. ಈ ಸಲ ಬಿಳಿ ಶಾಯಿ ಮುಟ್ಟಲಿಲ್ಲ.

ಕಚೇರಿಯಿಂದ ಒಂದೇ ಸಾಲಿನ ಉತ್ತರ:
ನಾಯಿಗಳ ನಿಖರ ಸಂಖ್ಯೆ ತಿಳಿಸುವುದು.

ಹಾಗಾಗಿ ಈಗ ಬೆಳಗಿನ ಜಾವ ನಾಲ್ಕೂವರೆಗೆ
ಒಂದು ಟಾರ್ಚು, ಒಂದು ನೋಟ್‌ಬುಕ್ಕು, ನಾವಿಬ್ಬರು.
ಹತ್ತು ಹೆಜ್ಜೆ ಹಿಂದೆ ಮುಬೀನಾ, ಕೈಯಲ್ಲಿ ಕೋಲು.
ಜವರಯ್ಯ ತಿರುವಿಗೆ ಕಾಲಿಟ್ಟರೆ ಸಾಕು,
ತಳ್ಳುಗಾಡಿಯಡಿಯಿಂದ, ಜಗಲಿಯಿಂದ, ಮರಳಿನ ಗುಡ್ಡೆಯಿಂದ
ಎಲ್ಲ ಎದ್ದು ಒಟ್ಟಿಗೆ ಬೊಗಳುತ್ತವೆ.
ಆರು ತಿಂಗಳು ತುಂಬದ ಮರಿಗಳೂ.
ಯಾರು ಹೇಳಿಕೊಟ್ಟರೋ.

ಅವನು ಕದಲುವುದಿಲ್ಲ.
ಬೈಸಿಕೊಳ್ಳಲೆಂದೇ ಬಂದವನ ಹಾಗೆ ನಿಂತು,
"ಒಳ್ಳೇದೇ ಆಯ್ತು, ಬರ್ಕೊ ಕಣವ್ವ" ಅಂತಾನೆ,
"ಎಣ್ಸಕೆ ಸಲೀಸು."